ಲೋಸರಿನಿಂದ ಮುಂದೆ

ಬ್ಲಫ್,
9 ಫೆಬ್ರುವರಿ 2025

ಪ್ರೀತಿಯ ತಂಗಿ ಬೆಟ್ಟಮ್ಮನಿಗೆ,

ನಿನ್ನ ಅಣ್ಣ ಕೆಂಪರಾಜು ಮಾಡುವ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ, ನೀವೆಲ್ಲ ಹೇಗಿದ್ದೀರಿ ಎಂದು ಬರೆಯುವುದು ರೂಢಿ. ನಿನ್ನನ್ನು ಹಾಗೆ ಕೇಳಲು ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಪಕ್ಷದ ಎಡೆಯ ದಿನ ನೀನು ಕೇಳಿದ ಕಾಗದವನ್ನು ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಪಾಳಿ ಕೆಲಸ, ನಿನ್ನ ಅತ್ತಿಗೆ ಇಂದ್ರಮ್ಮನ ಮಂಡಿ ನೋವು, ಮಳವಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವ ಓಡಾಟ ಎಂದು ನೆಪ ಹೇಳಬಹುದು. ನವೆಂಬರಿಗೆ ನನಗೆ ನಿವೃತ್ತಿ, ಬ್ಲಫ್ ಪವರ್ ಸ್ಟೇಷನ್ನಿನ ಈ ಕ್ವಾರ್ಟರ್ಸು ಖಾಲಿ ಮಾಡಬೇಕು. ಆದರೆ ನಿಜ ಹೇಳುತ್ತೇನೆ, ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ.

ಆವತ್ತು ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವನ ಪಕ್ಕ ನಿಂತು ನೀನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಣ್ಣ, ನನ್ ಮಗ್ಳು ಕೊನೇಗೆ ಏನೇನ್ ನೋಡುದ್ಲು ಅಂತ ನಂಗೊತ್ತಿಲ್ಲ ಕಣಣ್ಣ. ಅವ್ಳ ಫೋನು ನೀರ್ಗೋಯ್ತು. ನೀನು ಅದೇ ದಾರೀಲಿ ಓಗ್ಬಂದಿರೋನು. ಬಾಯಲ್ಲಿ ಯೋಳ್ಬೇಡ, ಕೇಳುಕ್ಕಾಗಕಿಲ್ಲ. ಬರ್ದ್ ಕೊಡು, ಓದ್ಕತೀನಿ." ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ನೀನು. ನಿನ್ನ ಮುಂದೆ ಒಂದು ಕಾಗದ ಬರೆಯಲು ನನಗೆ ಇಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

ನಿನ್ನ ಶ್ವೇತ ಹೊರಟದ್ದು ಕಳೆದ ವರ್ಷ ಜೂನ್ ಇಪ್ಪತ್ತಮೂರರ ಬೆಳಗಿನ ಜಾವ. ನಾನು ಬೆಸಗರಹಳ್ಳಿಗೆ ಬಂದು ಕಾರಿನ ಟೈರು, ಆಯಿಲ್ಲು ಎಲ್ಲ ನೋಡಿದ್ದೆ. ಅವಳ ಗಂಡ ಸ್ವರೂಪ ಹಿಂದಿನ ಸೀಟಿನಲ್ಲಿ ಚೀಲಗಳನ್ನು ಜೋಡಿಸುತ್ತಿದ್ದ. ಮುಂದಿನ ಸೀಟಿನ ಮೇಲೆ ನನ್ನ ನೋಟ್ ಪುಸ್ತಕದ ಜೆರಾಕ್ಸು ಪ್ರತಿ. 2017ರಲ್ಲಿ ನಾನೂ ಇಂದ್ರಮ್ಮನೂ ಹಳೇ ಜೀಪಿನಲ್ಲಿ ಮದ್ದೂರಿನಿಂದ ಹಿಮಾಲಯದ ಸ್ಪಿತಿಯವರೆಗೆ ಹೋಗಿಬಂದ ಮೇಲೆ ಬರೆದದ್ದಲ್ಲವೇ ಅದು? ಎಲ್ಲಿ ಪೆಟ್ರೋಲ್ ಸಿಗುತ್ತದೆ, ಎಲ್ಲಿ ಮಲಗಬಹುದು, ಯಾವ ತಿರುವಿನಲ್ಲಿ ಹಾರ್ನ್ ಹೊಡೆಯಬೇಕು, ಎಲ್ಲ ಇತ್ತು. ಮಳವಳ್ಳಿಯ ಸ್ಕೂಲಿನಲ್ಲಿ ನನ್ನಿಂದ ಭಾಷಣ ಮಾಡಿಸಿ ಶಾಲು ಹೊದಿಸಿದ್ದು ನಿನಗೆ ನೆನಪಿರಬೇಕು. ಅಲ್ಲಿಂದಾಚೆ ನಾನು ಎಲ್ಲರಿಗೂ ಸ್ಪಿತಿ ಕೆಂಪರಾಜು ಆಗಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ತಡೆದು ದಾರಿ ಕೇಳುತ್ತಿದ್ದರು.

ಅವರು ಕುಣಿಗಲ್ಲಿನ ಮೇಲೆ ತುಮಕೂರು ಸೇರಿ, ಚಿತ್ರದುರ್ಗ, ಹುಬ್ಬಳ್ಳಿ, ಪುಣೆ ದಾಟಿ ಆರನೇ ದಿನ ರಾಜಸ್ಥಾನದ ಮರಳುಗಾಡಿಗೆ ಹೋದರು. ನೇರವಾಗಿ ದಿಲ್ಲಿಗೆ ಹೋಗಬಹುದಿತ್ತು. "ಮಾವ ಬರೆದಿರೋ ದಾರೀಲೇ ಹೋಗಣ" ಎಂದು ಅವಳೇ ಹಟ ಹಿಡಿದಳಂತೆ, ಸ್ವರೂಪ ಹೇಳಿದ. ಜೈಸಲ್ಮೇರಿನಿಂದ ಬಿಕಾನೇರಿಗೆ ಹೋಗುವ ದಾರಿ ಹೇಗಿದೆಯೆಂದರೆ ಬೆಟ್ಟಮ್ಮ, ಗಂಟೆಗಟ್ಟಲೆ ಒಂದು ತಿರುವೂ ಬರುವುದಿಲ್ಲ. ಎರಡೂ ಕಡೆ ಮರಳು, ಅಲ್ಲಲ್ಲಿ ಮುಳ್ಳುಗಿಡ. ಗಾಳಿ ಬೀಸಿದರೆ ಮರಳು ಟಾರಿನ ಮೇಲೆ ಹೊಗೆಯ ಹಾಗೆ ಹರಿದು ಬರುತ್ತದೆ, ರಸ್ತೆಯೇ ಜರುಗುತ್ತಿದೆ ಅನ್ನಿಸುತ್ತದೆ. ಒಂಟೆಗಳು ನಮ್ಮ ಎಮ್ಮೆಗಳ ಹಾಗೆಯೇ ಹಾರ್ನಿಗೆ ಜಗ್ಗದೆ ನಡುರಸ್ತೆಯಲ್ಲಿ ನಿಂತಿರುತ್ತವೆ. ಅದೇ ಜಾಗದಿಂದ ಅವಳು ನಿನಗೆ ಒಂಟೆಯ ಫೋಟೋ ಕಳಿಸಿದ್ದಳು. ತಲೆಗೆ ನಿನ್ನ ಹಳೇ ಹಸಿರು ದುಪಟ್ಟಾ ಸುತ್ತಿಕೊಂಡಿದ್ದಳು.

ಅಲ್ಲಿಂದ ಪಂಜಾಬು ದಾಟಿ ಶಿಮ್ಲಾ. ಶಿಮ್ಲಾದಲ್ಲಿ ಬರೀ ಜನ, ಅದು ಬಿಡು. ನಾರ್ಕಂಡ ಕಳೆದ ಮೇಲೆ ರಸ್ತೆ ಸಟ್ಲೆಜ್ ನದಿಯ ದಡಕ್ಕೆ ಇಳಿಯುತ್ತದೆ. ಆ ನೀರಿಗೆ ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಬಣ್ಣ, ಹಾಗೇ ನೊರೆ. ಇನ್ನೂ ಮುಂದೆ ಬಂಡೆಯನ್ನು ಅಡ್ಡಕ್ಕೆ ಕೊರೆದು ರಸ್ತೆ ಮಾಡಿದ್ದಾರೆ, ಬಂಡೆ ಲಾರಿಯ ತಲೆಯ ಮೇಲೆ ಹೆಡೆಯೆತ್ತಿ ನಿಂತ ಹಾಗೆ ಕಾಣುತ್ತದೆ. ಕೆಳಗೆ ನೋಡಿದರೆ ನದಿ ಒಂದು ದಾರದೆಳೆ. ಕಲ್ಪಾ ಎಂಬ ಊರಿನಲ್ಲಿ ಅವರು ಎರಡು ದಿನ ಇದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಹಿಮದ ಬೆಟ್ಟ. ಮೊದಲು ಬೂದಿ ಬಣ್ಣ, ಆಮೇಲೆ ತುದಿಗೆ ಮಾತ್ರ ಕುಂಕುಮ ಇಟ್ಟ ಹಾಗೆ ಕೆಂಪು, ನೋಡುತ್ತಾ ನಿಂತರೆ ಇಡೀ ಬೆಟ್ಟ ಹಾಲು. ಶ್ವೇತ ಅಲ್ಲಿಂದ ನನಗೆ ಫೋನು ಮಾಡಿದಳು. ಅಮ್ಮನನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬರಬೇಕು ಮಾವ ಎಂದಳು. ಇದನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ.

ಅಲ್ಲಿಂದ ಮೇಲೆ ಮರಗಳು ನಿಂತುಹೋಗುತ್ತವೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಆ ಸೇತುವೆ ದಾಟಿದರೆ ಬೇರೆಯೇ ಲೋಕ. ಮಳೆಯೇ ಬೀಳದ ಜಾಗ, ಬೆಟ್ಟಗಳೆಲ್ಲ ಬೋಳು. ಒಂದು ಬೆಟ್ಟ ರಾಗಿ ಹಿಟ್ಟಿನ ಬಣ್ಣ, ಪಕ್ಕದ್ದು ಇಟ್ಟಿಗೆಯ ಬಣ್ಣ, ಅದರಾಚೆಯದು ನೇರಳೆ. ನಾಕೋ ಅನ್ನುವ ಊರಿನಲ್ಲಿ ನಮ್ಮ ಕಟ್ಟೆಯಷ್ಟೇ ಒಂದು ಕೆರೆ, ದಡದಲ್ಲಿ ನಾಲ್ಕು ಮರ. ತಾಬೋದಲ್ಲಿ ಸಾವಿರ ವರ್ಷದ ಮಣ್ಣಿನ ಗುಡಿ, ಒಳಗೆ ಕತ್ತಲೆಯಲ್ಲಿ ಬಣ್ಣದ ಚಿತ್ರಗಳು. ವೈದ್ಯನಾಥಪುರದ ದೇವಸ್ಥಾನದೊಳಗಿನ ತಂಪೇ ಅಲ್ಲೂ ಇದೆ ಎಂದು ಅವಳು ಸ್ವರೂಪನಿಗೆ ಹೇಳಿದಳಂತೆ. ಅದು ಅವನ ಊರಲ್ಲವೇ, ಮದುವೆಯಾದ ಹೊಸದರಲ್ಲಿ ಇಬ್ಬರೂ ಸಂಜೆ ಹೊತ್ತು ಅಲ್ಲೇ ಕೂರುತ್ತಿದ್ದರಂತೆ. ಆಮೇಲೆ ಕಾಜಾ. ಆ ಕಡೆಗೆಲ್ಲ ಅದೇ ದೊಡ್ಡ ಪೇಟೆ, ನಮ್ಮ ಬೆಸಗರಹಳ್ಳಿಗಿಂತ ದೊಡ್ಡದೇನಲ್ಲ. ಅಲ್ಲಿ ಮೂರು ದಿನ.

ಹೆಚ್ಚು ಓಡಿಸಿದ್ದು ಅವಳೇ. ಸ್ವರೂಪ ಕರೆಂಟು ಕಂಬ ಹತ್ತುವವನಾದರೂ ಕಣಿವೆ ಕಂಡರೆ ಅವನಿಗೆ ತಲೆ ತಿರುಗುತ್ತಿತ್ತು. ಹತ್ತೊಂಬತ್ತು ವರ್ಷದವಳಿದ್ದಾಗ ಇದೇ ಬ್ಲಫಿನಲ್ಲಿ, ಪವರ್ ಹೌಸಿಗೆ ಇಳಿಯುವ ರಸ್ತೆಯಲ್ಲಿ ನಾನು ಅವಳಿಗೆ ಜೀಪು ಕಲಿಸಿದೆ. ಎರಡೇ ವಾರಕ್ಕೆ ನನಗಿಂತ ಚೆನ್ನಾಗಿ ರಿವರ್ಸ್ ತೆಗೆಯುತ್ತಿದ್ದಳು. ಮಂಡ್ಯದ ಲ್ಯಾಬಿನಲ್ಲಿ ದಿನವೆಲ್ಲ ರಕ್ತ ಪರೀಕ್ಷೆ ಮಾಡಿ ಬಗ್ಗಿದ ಬೆನ್ನು ಸ್ಟೇರಿಂಗ್ ಹಿಡಿದರೆ ನೆಟ್ಟಗಾಗುತ್ತದೆ ಎನ್ನುತ್ತಿದ್ದಳು. ನಾನು ಕಲಿಸದೇ ಇದ್ದಿದ್ದರೆ, ಆ ಪುಸ್ತಕ ಬರೆಯದೇ ಇದ್ದಿದ್ದರೆ ಎಂದು ಒಂದೊಂದನ್ನೇ ಹಿಂದಕ್ಕೆ ತಳ್ಳುತ್ತಾ ಹೋಗುತ್ತೇನೆ. ಎಷ್ಟು ತಳ್ಳಿದರೂ ಅವಳು ನಿಮ್ಮ ಹೊಲದ ಅಂಚಿನ ಮಣ್ಣಿನಲ್ಲೇ ಇದ್ದಾಳೆ. ಐದನೇ ದಿನ ಪೆಟ್ಟಿಗೆ ಬಂದಾಗ ನೀನು ಅದರ ಮೇಲೆ ಬಿದ್ದು, ಚಳಿ ಆಗಿರ್ತದೆ ಕಣ್ರಪ್ಪ, ಬಿಸಿಲಿಗಿಡಿ ಎಂದೆ. ಬೆಟ್ಟಮ್ಮ, ಈಗ ನನಗೆ ನಿದ್ದೆ, ಹಸಿವು ಯಾವುದೂ ಸರಿಯಾಗಿ ಗೊತ್ತಾಗುವುದಿಲ್ಲ. ಪಾಳಿ ಮುಗಿಸಿ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತಿರುತ್ತೇನೆ.

ಜುಲೈ ಒಂಬತ್ತರ ಬೆಳಿಗ್ಗೆ ಅವರು ಕಾಜಾ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಲೋಸರ್ ತಲುಪಿದರು. ಆ ಕಣಿವೆಯ ಕೊನೆಯ ಊರು ಅದು. ಬಿಳಿ ಸುಣ್ಣದ ಮನೆಗಳು, ಕಿಟಕಿಗಳ ಸುತ್ತ ಕಪ್ಪು ಬಣ್ಣದ ಪಟ್ಟಿ. ಬೋಳು ಬೆಟ್ಟಗಳ ನಡುವೆ ಬಟಾಣಿ ಹೊಲಗಳು, ಅಷ್ಟು ಹಸಿರು ನಮ್ಮ ನಾಲೆ ಬಯಲಿನಲ್ಲೂ ಇಲ್ಲ. ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಳೆ ಕೀಳುತ್ತಿರುತ್ತಾರೆ. ಹೊಸಬರು ಕಂಡರೆ ಕೈ ಎತ್ತುತ್ತಾರೆ. ಶ್ವೇತ ಖಂಡಿತ ಇಳಿದು ಅವರನ್ನು ಮಾತಾಡಿಸಿರುತ್ತಾಳೆ, ಭಾಷೆ ಬರದಿದ್ದರೂ. ಊರಾಚೆ ರಸ್ತೆ ಬೆಟ್ಟಕ್ಕೆ ಹತ್ತುವುದು ಕಾಣುತ್ತದೆ.

ಅಲ್ಲಿಂದ ಮುಂದಿನದು ಪುಸ್ತಕದಲ್ಲಿದೆ, ನಿನ್ನ ಹತ್ತಿರವೂ ಒಂದು ಪ್ರತಿ ಇದೆ. ಕುಂಜುಮ್ ಘಾಟಿ, ಬಾತಲ್, ಆಮೇಲೆ ಮನಾಲಿ. ಅದನ್ನು ಮತ್ತೆ ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಬಾತಲ್ ಕಳೆದ ಮೇಲೆ ಹಿಮ ಕರಗಿದ ಹಳ್ಳವೊಂದು ರಸ್ತೆಗೆ ಅಡ್ಡ ಹರಿಯುತ್ತಿತ್ತು, ಸ್ವರೂಪ ಇಳಿದು ಬಂಡೆಗಳ ಮೇಲೆ ಕಾಲಿಟ್ಟು ದಾಟಿ ಆಚೆ ನಿಂತು ಕೈ ತೋರಿಸಿದ, ಇವಳು ಕಾರು ಇಳಿಸಿದಳು, ಎಂಜಿನ್ ನಿಂತಿತು, ನೀರು ಕಾರನ್ನು ಪಕ್ಕಕ್ಕೆ ಎತ್ತಿ ಹಾಕಿತು. ಸಂಜೆ ನಾಲ್ಕೂವರೆ. ಇದಿಷ್ಟೂ ನಿನಗೆ ಗೊತ್ತಿರುವುದೇ.

ಪುಟ್ಟರಾಜು ಭಾವನ ಬಿ.ಪಿ. ಈಗ ಹೇಗಿದೆ? ಮಾತ್ರೆ ತಪ್ಪಿಸದ ಹಾಗೆ ನೋಡಿಕೋ. ನೀನೂ ಹೊತ್ತಿಗೆ ಸರಿಯಾಗಿ ಒಂದು ತುತ್ತು ಉಣ್ಣು. ನಿನ್ನ ಕಣ್ಣೀರು ಒರೆಸುವಂಥ ಮಾತು ಈ ಭೂಮಿಯ ಮೇಲೆ ಇದ್ದಿದ್ದರೆ ಹುಡುಕಿ ತಂದು ಇಲ್ಲಿ ಬರೆಯುತ್ತಿದ್ದೆ. ಭಗವಂತ ನಿನಗೆ ತಡೆದುಕೊಳ್ಳುವ ಶಕ್ತಿ ಕೊಡಲಿ. ನೂರು ಕಾಲ ಬಾಳು ಎಂದು ಹರಸಲು ಭಯವಾಗುತ್ತದೆ, ಇವತ್ತಿನ ದಿನ ಹೇಗೋ ಕಳೆಯಲಿ ಎಂದು ಹರಸುತ್ತೇನೆ.

ಇಂತಿ ನಿನ್ನ ಅಣ್ಣ,
ಕೆಂಪರಾಜು

ವಿ.ಸೂ.: ಮೇಲಿನದನ್ನು ಬರೆದು ಮಡಚಿಟ್ಟಿದ್ದೆ. ಇಂದ್ರಮ್ಮ ಬಿಡಿಸಿ ಓದಿದಳು. ಓದಿ, ಮಂಚದ ಮೇಲಿಟ್ಟು, "ಲೋಸರ್‌ಗೇ ನಿಲ್ಸಿದ್ದೀರಲ್ಲ" ಎಂದಳು. "ಬೆಟ್ಟಮ್ಮ ಕೇಳಿದ್ದು ಅಲ್ಲಿಂದ್ ಮುಂದಕ್ಕೆ. ನೀವ್ ಬರೀದಿದ್ರೆ ನಾನೇ ಓಗಿ ಯೋಳ್ತೀನಿ. ಇಷ್ಟ್ ದಿನ ಬಾಯ್ಮುಚ್ಕೊಂಡಿದ್ದು ನಂದೂ ತಪ್ಪೇಯ." ಅದಕ್ಕೆ ಮತ್ತೆ ಪೆನ್ನು ಹಿಡಿದಿದ್ದೇನೆ.

ಲೋಸರಿನಿಂದ ಮುಂದೆ ನಾನು ಹೋಗಿಯೇ ಇಲ್ಲ ಬೆಟ್ಟಮ್ಮ.

2017ರ ಸೆಪ್ಟೆಂಬರಿನಲ್ಲಿ ಲೋಸರ್ ಬಿಟ್ಟು ಆ ಬೆಟ್ಟ ಹತ್ತಲು ಶುರು ಮಾಡಿದೆವು. ಆರೇಳು ಕಿಲೋಮೀಟರು ಹೋಗಿರಬಹುದು. ಎದುರಿಗೆ ಲಾರಿ ಬಂತು. ದಾರಿ ಬಿಡಲು ನಾನು ಅಂಚಿನ ಮೇಲೆ ಹಿಂದಕ್ಕೆ ಹೋಗಬೇಕಿತ್ತು. ಕ್ಲಚ್ಚಿನ ಮೇಲೆ ಇಟ್ಟ ಕಾಲು ಗಡಗಡ ನಡುಗಲು ಶುರುವಾಯಿತು, ನಿಲ್ಲಿಸಲು ಆಗಲಿಲ್ಲ. ಕೊನೆಗೆ ಆ ಲಾರಿಯವನೇ ಇಳಿದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಜೀಪನ್ನು ಹಿಂದಕ್ಕೆ ತೆಗೆದು ತಿರುಗಿಸಿ ಕೊಟ್ಟ. ಲೋಸರಿಗೆ ವಾಪಸು ಬಂದು ಢಾಬಾದಲ್ಲಿ ಕೂತೆವು. ಅವನೂ ಅಲ್ಲಿಗೆ ಚಹಾ ಕುಡಿಯಲು ಬಂದ. ಮುಂದಿನ ದಾರಿ ಹೇಗಿದೆ ಎಂದು ನಾನು ಕೇಳಿದೆ, ಅವನು ಹೇಳಿದ, ನಾನು ಪುಸ್ತಕ ತೆಗೆದು ಬರೆದುಕೊಂಡೆ. ಆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು ಎಂದದ್ದು ಅವನು. ಅವನು ದಾಟಿದ್ದು ಸೆಪ್ಟೆಂಬರಿನ ಬೆಳ್ಳಂಬೆಳಿಗ್ಗೆ. ಬಿಸಿಲೇರಿದರೆ ಹಿಮ ಕರಗಿ ಅದೇ ಹಳ್ಳ ಎದೆಯುದ್ದ ಬರುತ್ತದೆ, ಜುಲೈ ತಿಂಗಳಲ್ಲಂತೂ ಮಧ್ಯಾಹ್ನದ ಮೇಲೆ ಯಾರೂ ಇಳಿಯುವುದಿಲ್ಲ. ಹೋಗಿಬಂದವರಿಗೆಲ್ಲ ಇದು ಗೊತ್ತು. ಹೋಗದವನಿಗೆ ಗೊತ್ತಿರಲಿಲ್ಲ.

ಬಂದ ದಾರಿಯಲ್ಲೇ ಶಿಮ್ಲಾದ ಮೇಲೆ ಹಿಂದಿರುಗಿದೆವು. ಹೆದರಿಕೆಯಾಯಿತು, ವಾಪಸು ಬಂದೆವು ಎಂದು ಊರಿನಲ್ಲಿ ಹೇಳಿದರೆ ಏನು ತಪ್ಪು ಎಂದು ಇಂದ್ರಮ್ಮ ಆಗಲೇ ಕೇಳಿದ್ದಳು. ಹೇಳೋಣ ಎಂದೇ ಇದ್ದೆ. ಮಳವಳ್ಳಿಯಲ್ಲಿ ಯಾರೋ, ಮನಾಲಿ ಕಡೆಯಿಂದ ಸುತ್ತು ಹಾಕಿ ಬಂದಿರಾ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಆಮೇಲೆ ಆ ಹೂಂ ಪುಸ್ತಕವಾಯಿತು, ಭಾಷಣವಾಯಿತು, ಶಾಲಾಯಿತು.

ಇನ್ನೂ ಇದೆ. ಜುಲೈ ಒಂಬತ್ತರ ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಶ್ವೇತ ನನಗೆ ಫೋನು ಮಾಡಿದ್ದಳು. ಲೋಸರಿನ ಢಾಬಾದವನ ಫೋನಿನಿಂದ. ನಾನು ಊಟ ಮಾಡಿ ಮಲಗಿದ್ದೆ.

"ಮಾವ, ಇಲ್ಲಿ ಚೆಕ್ ಪೋಸ್ಟಿನವ್ರು ಇವತ್ತು ಇಲ್ಲೇ ಉಳ್ಕಂಡು ನಾಳೆ ಬೆಳಿಗ್ಗೆ ಹೋಗಿ ಅಂತಾವ್ರೆ. ಮುಂದೆ ನೀರು ಜಾಸ್ತಿ ಅಂತೆ. ಸ್ವರೂಪೂ ಉಳ್ಕಳಣ ಅಂತಾನೆ. ನಿಮ್ ಪುಸ್ತಕದಲ್ಲಿ ಪಾದ ಮುಳುಗೋಷ್ಟು ಅಂತ ಇದೆಯಲ್ಲ, ಏನ್ ಮಾಡಣ?"

ಆ ಹೊತ್ತಿನಲ್ಲಿ ನಾನು ಏನು ಯೋಚಿಸಿದೆ ಎಂದು ಏಳು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿಲ್ಲ ಕಣವ್ವ, ಅವರು ಹೇಳಿದ ಹಾಗೆ ಕೇಳಿ ಎನ್ನಬಹುದಿತ್ತು. ಗೊತ್ತಿಲ್ಲ ಎಂದರೆ, ಯಾಕೆ ಗೊತ್ತಿಲ್ಲ ಎಂದು ಅವಳು ಕೇಳುತ್ತಿದ್ದಳು. ಅಷ್ಟೇ. ಅಷ್ಟಕ್ಕೆ ನಾನು, "ಅವ್ರು ಹಂಗೇ ಅಂತಾರೆ ಕಣವ್ವ, ಅಲ್ಲೇ ಉಳುಸ್ಕಳಕ್ಕೆ. ನಾನು ದಾಟಿದ್ದೀನಿ. ಹೋಗಿ" ಎಂದೆ.

"ಸರಿ ಮಾವ. ನೀವು ಹೇಳುದ್ ಮೇಲೆ ಇನ್ನೇನು" ಎಂದಳು.

ಈ ಫೋನಿನ ವಿಷಯ ನನಗೆ, ಸ್ವರೂಪನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಂದ್ರಮ್ಮನಿಗೆ ಹೇಳಿದ್ದು ಇವತ್ತು. ಆಗಸ್ಟಿನಲ್ಲಿ ಸ್ವರೂಪ ಒಬ್ಬನೇ ಬ್ಲಫಿಗೆ ಬಂದಿದ್ದ. ಕೂತುಕೋ ಎಂದರೂ ಕೂರಲಿಲ್ಲ. "ಮಾವ, ನೀವು ಆ ನೀರ ಎಷ್ಟೊತ್ತಲ್ಲಿ ದಾಟುದ್ರಿ?" ಎಂದು ಕೇಳಿದ. ಅದೊಂದನ್ನೇ ಕೇಳಲು ಎರಡು ಬಸ್ಸು ಬದಲಾಯಿಸಿ ಬಂದಿದ್ದ. ನಾನು, ಸಂಜೆ ಹೊತ್ತಿನಲ್ಲೇ ಎಂದೆ. ಅವಳನ್ನು ಮಣ್ಣು ಮಾಡಿ ಬಂದ ಮೇಲೂ ಅದೇ ಸುಳ್ಳು ಹೇಳಿದೆ. "ಹಂಗಾದ್ರೆ ನಾನೇ ಜಾಗ ತಪ್ಪು ತೋರ್ಸಿದೀನಿ. ನಾಕಡಿ ಈಚೆಗೆ ತೋರ್ಸಿದ್ರೆ ಬಂದ್ಬುಡೋಳು" ಎಂದು ಹೇಳಿ ಅವನು ಹೊರಟುಹೋದ. ನಾನು ಗೇಟಿನವರೆಗೆ ಹೋಗಿ ಕಳಿಸಿ ಬಂದೆ. ಅವನು ಈಗ ಕೆಲಸಕ್ಕೂ ಹೋಗುತ್ತಿಲ್ಲವಂತೆ, ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ.

ನಾಳೆ ಬೆಳಿಗ್ಗೆ ಈ ಕಾಗದವನ್ನು ಇಂದ್ರಮ್ಮನೇ ತರುತ್ತಾಳೆ. ಮೊದಲು ವೈದ್ಯನಾಥಪುರಕ್ಕೆ ಹೋಗಿ ಸ್ವರೂಪನಿಗೆ ಓದಿಸಿ, ಆಮೇಲೆ ನಿನ್ನಲ್ಲಿಗೆ ಬರುತ್ತಾಳಂತೆ. ಅದು ಅವಳ ತೀರ್ಮಾನ, ಸರಿಯಾಗಿಯೇ ಇದೆ. ಭಾವ ನನ್ನನ್ನು ಏನು ಮಾಡಿದರೂ ಮಾಡಲಿ. ನಾನು ಮನೆಯಲ್ಲೇ ಇರುತ್ತೇನೆ.

ಪಕ್ಷದ ದಿನ ನಡೆದದ್ದನ್ನೂ ಬರೆದುಬಿಡುತ್ತೇನೆ, ನೀನು ಆಗ ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿದ್ದೆ, ಪೂರ್ತಿ ಕಂಡಿರಲಿಕ್ಕಿಲ್ಲ. ಶ್ವೇತಳ ಎಡೆಗೆಂದು ಸ್ವರೂಪ ಒಂದು ಸೀರೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಭಾವ ಎದ್ದು ಹೋಗಿ ಬಾಗಿಲಿಗೆ ಅಡ್ಡ ಕೈ ಇಟ್ಟು, "ದಡದಲ್ಲಿ ನಿಂತ್ಕಂಡು ನನ್ ಮಗ್ಳ ನೀರ್ಗೆ ಕರ್ದೋನು ನೀನು. ಈ ಹೊಸ್ಲು ತುಳೀಬ್ಯಾಡ" ಎಂದರು. ಸ್ವರೂಪ ಭಾವನ ಹೆಗಲಿನ ಮೇಲಿಂದ ಒಳಗೆ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ನೀನು ಬಂದು ನನ್ನ ಎಲೆಗೆ ಸಾರು ಬಿಟ್ಟು, ಉಣ್ಣಣ್ಣ, ಆರೋಯ್ತದೆ ಎಂದೆ. ನಾನು ತಲೆ ಬಗ್ಗಿಸಿ ಉಂಡೆ.